ಕಂಪ್ಯೂಟರಿನೊಳಗೊಂದು ಗಿರಣಿ

ಮಕ್ಕಳೇ, ಮನೆಯಲ್ಲಿ ಜೋಳದ ಹಿಟ್ಟು ಮುಗಿದಾಗ ಅವ್ವ ಏನು ಮಾಡುತ್ತಾಳೆ? ಡಬ್ಬಿಯಲ್ಲಿ ಜೋಳ ತುಂಬಿ ನಿಮ್ಮನ್ನು ಗಿರಣಿಗೆ ಕಳಿಸುತ್ತಾಳೆ. "ಕಾಕಾ, ರೊಟ್ಟಿಗೆ ಬೇಕು, ಸಣ್ಣಗೆ ಬೀಸಿರಿ" ಎಂದು ನೀವು ಹೇಳುತ್ತೀರಿ. ಸ್ವಲ್ಪ ಹೊತ್ತಿನಲ್ಲಿ ಬೆಚ್ಚಗಿನ ಹಿಟ್ಟು ನಿಮ್ಮ ಡಬ್ಬಿಗೆ ಬರುತ್ತದೆ.

ಗಿರಣಿಯೊಳಗೆ ಕಲ್ಲು ಹೇಗೆ ತಿರುಗುತ್ತದೆ ಎಂಬುದು ನಿಮಗೆ ಗೊತ್ತಿರಬೇಕಾಗಿಲ್ಲ. ಆದರೆ ನಾಲ್ಕು ಸಂಗತಿಗಳು ಗೊತ್ತಿರಲೇಬೇಕು. ಗಿರಣಿ ಎಲ್ಲಿದೆ? ಅಲ್ಲಿ ಯಾವ ಕೆಲಸ ಆಗಬೇಕು? ನಾವು ಏನು ಕೊಡಬೇಕು? ನಮಗೆ ತಿರುಗಿ ಏನು ಬರುತ್ತದೆ? ಒಂದು ಗಿರಣಿ ಇದ್ದರೆ ಸಾಕು, ಊರಿನ ನೂರಾರು ಮನೆಗಳಿಗೆ ಹಿಟ್ಟು ಸಿಗುತ್ತದೆ. ಮನೆಗೊಂದು ಗಿರಣಿ ಯಾರೂ ಕಟ್ಟಿಸುವುದಿಲ್ಲ.

ಕಂಪ್ಯೂಟರಿನ ಪ್ರೋಗ್ರಾಮ್‌ಗಳೂ ಹೀಗೆಯೇ ಕೆಲಸ ಮಾಡುತ್ತವೆ. ಹೇಗೆಂದು ತಿಳಿಯೋಣ ಬನ್ನಿರಿ.

ಫಂಕ್ಷನ್ ಎಂದರೇನು?

ಕಂಪ್ಯೂಟರ್ ತಾನಾಗಿ ಏನನ್ನೂ ಮಾಡಲಾರದು. ಮೊದಲು ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ನಾವು ಹೇಳಬೇಕು. ಹೀಗೆ ಬರೆದ ಆದೇಶಗಳ ಸಾಲಿಗೆ ಪ್ರೋಗ್ರಾಮ್ ಎನ್ನುತ್ತಾರೆ. ಪತ್ರ ಬರೆಯಲು, ಚಿತ್ರ ಬಿಡಿಸಲು, ಲೆಕ್ಕ ಮಾಡಲು ಶಾಲೆಯ ಕಂಪ್ಯೂಟರಿನಲ್ಲಿ ಬೇರೆ ಬೇರೆ ಪ್ರೋಗ್ರಾಮ್‌ಗಳು ಇರುತ್ತವೆ.

ಒಂದು ಪ್ರೋಗ್ರಾಮಿನಲ್ಲಿ ಕೆಲವು ಕೆಲಸಗಳು ಮತ್ತೆ ಮತ್ತೆ ಬರುತ್ತವೆ. ಅಂತಹ ಕೆಲಸದ ಆದೇಶಗಳನ್ನು ಒಟ್ಟುಗೂಡಿಸಿ ಅದಕ್ಕೊಂದು ಹೆಸರು ಕೊಡುತ್ತಾರೆ. ಹೆಸರು ಪಡೆದ ಈ ತುಂಡಿಗೆ 'ಫಂಕ್ಷನ್' ಎಂದು ಹೆಸರು. ನಾವು ಮಾತಿನಲ್ಲಿ ಮದುವೆ, ನಾಮಕರಣಗಳಿಗೂ ಫಂಕ್ಷನ್ ಎನ್ನುತ್ತೇವೆ. ಇದು ಆ ಫಂಕ್ಷನ್ ಅಲ್ಲ! ಇದು ಹೇಳಿದ ಕೆಲಸವನ್ನು ಮಾಡಿ ಉತ್ತರ ಕೊಡುವ ಒಬ್ಬ ಕೆಲಸಗಾರನಿದ್ದಂತೆ. ಅದರ ಹೆಸರು ಹೇಳಿ, ಬೇಕಾದ ಸಾಮಾನು ಕೊಟ್ಟು, ಕೆಲಸ ಮಾಡಿಸಿಕೊಳ್ಳುವುದಕ್ಕೆ 'ಫಂಕ್ಷನ್ನನ್ನು ಕರೆಯುವುದು' ಎನ್ನುತ್ತಾರೆ.

ಬಹಳ ಪ್ರೋಗ್ರಾಮ್‌ಗಳಿಗೆ ಬೇಕಾಗುವ ಫಂಕ್ಷನ್‌ಗಳನ್ನು ಒಂದು ಕಡೆ ಕೂಡಿಟ್ಟರೆ ಅದು 'ಲೈಬ್ರರಿ', ಅಂದರೆ ಗ್ರಂಥಾಲಯ. ಪುಸ್ತಕವೇ ಇಲ್ಲದ ಇದಕ್ಕೆ ಗ್ರಂಥಾಲಯವೆಂಬ ಹೆಸರೇಕೆ? ಅದಕ್ಕೊಂದು ಕಥೆಯಿದೆ.

ಉಕ್ಕಿನ ಕಪಾಟಿನ ಗ್ರಂಥಾಲಯ

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಅವರ ಜೊತೆಗಾರರು ಎಡ್ಸಾಕ್ ಎಂಬ ಕಂಪ್ಯೂಟರನ್ನು ಕಟ್ಟಿದರು. ಅದು ಒಂದು ಕೋಣೆಯನ್ನೇ ತುಂಬುವಷ್ಟು ದೊಡ್ಡದಾಗಿತ್ತು. 1949ರ ಮೇ 6ರಂದು ಅದು ತನ್ನ ಮೊದಲ ಲೆಕ್ಕವನ್ನು ಮಾಡಿತು. ಸೊನ್ನೆಯಿಂದ 99ರವರೆಗಿನ ಸಂಖ್ಯೆಗಳ ವರ್ಗಗಳನ್ನು ಕಂಡುಹಿಡಿದು ಅಚ್ಚು ಮಾಡಿ ಕೊಟ್ಟಿತು.

ಆಗ ಇಂದಿನಂತೆ ಮೌಸು, ಬಣ್ಣದ ಪರದೆ ಇರಲಿಲ್ಲ. ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತುಗಳನ್ನು ಕೊರೆದು ಪ್ರೋಗ್ರಾಮ್ ಬರೆಯಬೇಕಾಗಿತ್ತು. ಒಂದು ತೂತು ತಪ್ಪಿದರೂ ಲೆಕ್ಕವೆಲ್ಲ ತಪ್ಪು. ಚಿಕ್ಕ ಪ್ರೋಗ್ರಾಮಿನಲ್ಲಿಯೂ ತಪ್ಪುಗಳು ನುಸುಳುತ್ತಿದ್ದವು. ಅವನ್ನು ಹುಡುಕುವುದರಲ್ಲಿಯೇ ದಿನಗಳು ಕಳೆಯುತ್ತಿದ್ದವು.

ಆಗ ಡೇವಿಡ್ ವೀಲರ್ ಎಂಬ ತರುಣ ವಿದ್ಯಾರ್ಥಿ ಈ ತೊಂದರೆಗೆ ದಾರಿ ಹುಡುಕಿದ. ಭಾಗಾಕಾರ, ವರ್ಗಮೂಲ ಮುಂತಾದ ಲೆಕ್ಕಗಳನ್ನು ಮಾಡುವ ತುಂಡುಗಳನ್ನು ಒಮ್ಮೆ ಸರಿಯಾಗಿ ಬರೆದು, ಪರೀಕ್ಷಿಸಿ, ಕಾಗದದ ಪಟ್ಟಿಗಳಲ್ಲಿ ಇಡುವುದು. ಬೇಕಾದವರು ಆ ಪಟ್ಟಿಯನ್ನು ತಮ್ಮ ಪ್ರೋಗ್ರಾಮಿನ ಪಟ್ಟಿಗೆ ನಕಲು ಮಾಡಿಕೊಳ್ಳುವುದು. ಹೊಸದಾಗಿ ಬರೆಯುವ ಕೆಲಸವಿಲ್ಲ, ಹೊಸ ತಪ್ಪಿನ ಭಯವೂ ಇಲ್ಲ. ಈ ಪಟ್ಟಿಗಳನ್ನು ಒಂದು ಉಕ್ಕಿನ ಕಪಾಟಿನಲ್ಲಿ ಜೋಡಿಸಿಟ್ಟಿದ್ದರು. ಹೀಗೆ ಅದು ನಿಜವಾಗಿಯೂ ಒಂದು ಗ್ರಂಥಾಲಯವೇ ಆಗಿತ್ತು! 1951ರ ಹೊತ್ತಿಗೆ ಅದರಲ್ಲಿ 87 ತುಂಡುಗಳಿದ್ದವು.

ಒಂದು ಸಮಸ್ಯೆ ಮಾತ್ರ ಉಳಿದಿತ್ತು. ಗಿರಣಿಗೆ ಹೋದವರು ಯಾವ ಮನೆಗೆ ಮರಳಬೇಕೆಂದು ನೆನಪಿಟ್ಟುಕೊಳ್ಳಬೇಕಲ್ಲವೇ? ಕಂಪ್ಯೂಟರಿಗೂ ಹಾಗೆಯೇ. ಫಂಕ್ಷನ್ನಿನ ಕೆಲಸ ಮುಗಿದ ಮೇಲೆ ಪ್ರೋಗ್ರಾಮಿನ ಯಾವ ಸಾಲಿಗೆ ಮರಳಬೇಕು? ಕರೆಯುವ ಮೊದಲೇ ಮರಳುವ ಜಾಗದ ಗುರುತನ್ನು ಫಂಕ್ಷನ್ನಿಗೆ ಕೊಟ್ಟು ಕಳಿಸುವ ಉಪಾಯವನ್ನು ವೀಲರ್ ಕಂಡುಕೊಂಡ. ಅದಕ್ಕೆ 'ವೀಲರ್ ಜಿಗಿತ' ಎಂದೇ ಹೆಸರು ಬಂದಿತು. ವಿಲ್ಕ್ಸ್, ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಮೂವರೂ ಸೇರಿ 1951ರಲ್ಲಿ ಈ ವಿಷಯವನ್ನೆಲ್ಲ ಒಂದು ಪುಸ್ತಕವಾಗಿ ಪ್ರಕಟಿಸಿದರು.

ಇಂದು ಕಾಗದದ ಪಟ್ಟಿಗಳಿಲ್ಲ. ಲೈಬ್ರರಿ ಎಂದರೆ ಕಂಪ್ಯೂಟರಿನಲ್ಲಿರುವ ಒಂದು ಫೈಲು. ಪ್ರತಿ ಪ್ರೋಗ್ರಾಮಿಗೂ ಅದನ್ನು ನಕಲು ಮಾಡಲೇಬೇಕೆಂದಿಲ್ಲ. ಫೈಲು ತನ್ನ ಜಾಗದಲ್ಲಿಯೇ ಇರುತ್ತದೆ. ಬೇಕಾದ ಪ್ರೋಗ್ರಾಮ್‌ಗಳು ಅದನ್ನು ಹುಡುಕಿಕೊಂಡು ಹೋಗುತ್ತವೆ. ವಿಂಡೋಸ್ ಕಂಪ್ಯೂಟರಿನಲ್ಲಿ ಇಂತಹ ಫೈಲಿನ ಹೆಸರಿನ ಕೊನೆಗೆ 'ಡಿಎಲ್‌ಎಲ್' ಎಂದಿರುತ್ತದೆ. ಲಿನಕ್ಸ್ ಕಂಪ್ಯೂಟರಿನಲ್ಲಿ 'ಎಸ್‌ಒ' ಎಂದಿರುತ್ತದೆ.

ನೀವು 'ಅಕ್ಕ' ಎಂದು ಟೈಪ್ ಮಾಡಿದಾಗ

ಈಗ ನಮ್ಮ ಕನ್ನಡದ್ದೇ ಒಂದು ಉದಾಹರಣೆ ನೋಡೋಣ. ಪತ್ರ ಬರೆಯಲು ಲಿಬ್ರೆ ಆಫೀಸ್ ಎಂಬ ಪ್ರೋಗ್ರಾಮ್ ಇದೆ. ಅದರಲ್ಲಿ ನೀವು 'ಅಕ್ಕ' ಎಂದು ಟೈಪ್ ಮಾಡುತ್ತೀರಿ ಎಂದುಕೊಳ್ಳಿರಿ.

ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಅದಕ್ಕಾಗಿ ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಮಾಡಿದ್ದಾರೆ. ಈ ಏರ್ಪಾಟಿಗೆ ಯುನಿಕೋಡ್ ಎಂದು ಹೆಸರು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡವೂ ಇತ್ತು. ಅದರಂತೆ 'ಅ'ಗೆ 3205, 'ಕ'ಗೆ 3221. ಅಕ್ಷರದ ಕೊನೆಯ ಸ್ವರವನ್ನು ತೆಗೆದುಹಾಕುವ ಅರ್ಧಾಕ್ಷರದ ಚಿಹ್ನೆಗೆ 3277. ಹಾಗಾದರೆ 'ಅಕ್ಕ' ಎಂಬುದು ಕಂಪ್ಯೂಟರಿನೊಳಗೆ ಹೀಗಿರುತ್ತದೆ:

3205, 3221, 3277, 3221

ಈ ನಾಲ್ಕು ಸಂಖ್ಯೆಗಳನ್ನು ಹಾಗೆಯೇ ಸಾಲಾಗಿ ಚಿತ್ರಿಸಿದರೆ 'ಅ', 'ಕ', ಒಂದು ಚಿಹ್ನೆ, ಮತ್ತೆ 'ಕ' ಎಂದು ಬಿಡಿಬಿಡಿಯಾಗಿ ಕಾಣುತ್ತವೆ. ಅದು ಕನ್ನಡದ ಬರಹವಲ್ಲ. ಎರಡನೆಯ 'ಕ' ಒತ್ತಕ್ಷರವಾಗಿ ಕೆಳಗೆ ಇಳಿಯಬೇಕು. 'ಸೂರ್ಯ' ಎಂಬ ಪದದಲ್ಲಿ ಇನ್ನೂ ಕಷ್ಟ. ಬಾಯಲ್ಲಿ 'ರ್' ಮೊದಲು, 'ಯ' ಆಮೇಲೆ. ಬರಹದಲ್ಲಿಯೋ 'ಯ' ಮೊದಲು, ಅರ್ಕಾವತ್ತು ಆಮೇಲೆ! ಇದನ್ನೆಲ್ಲ ತಿಳಿದು ಅಕ್ಷರಗಳನ್ನು ಜೋಡಿಸುವವರು ಯಾರು?

ಆ ಕೆಲಸವನ್ನು ಲಿಬ್ರೆ ಆಫೀಸ್ ತಾನೇ ಮಾಡುವುದಿಲ್ಲ. ಅದು 'ಹರ್ಫ್‌ಬಜ್' ಎಂಬ ಲೈಬ್ರರಿಯನ್ನು ಕೇಳುತ್ತದೆ. ಪಾರ್ಸಿ ಭಾಷೆಯಲ್ಲಿ 'ಹರ್ಫ್' ಎಂದರೆ ಅಕ್ಷರ, 'ಬಾಜ್' ಎಂದರೆ ತೆರೆದ. ಆ ಎರಡು ಪದಗಳಿಂದ ಈ ಹೆಸರು ಬಂದಿದೆ. ಕನ್ನಡ, ಮರಾಠಿ, ಅರಬಿ ಮುಂತಾದ ಅನೇಕ ಬರಹಗಳ ಜೋಡಣೆ ಅದಕ್ಕೆ ಗೊತ್ತು. ಫೈರ್‌ಫಾಕ್ಸ್, ಕ್ರೋಮ್ ಪ್ರೋಗ್ರಾಮ್‌ಗಳೂ ಈ ಕೆಲಸಕ್ಕೆ ಅದನ್ನೇ ಕರೆಯುತ್ತವೆ.

ಕರೆಯುವ ಕ್ರಮ

ಈ ಲೈಬ್ರರಿಯಲ್ಲಿ 'ಶೇಪ್' ಎಂಬ ಕೆಲಸದ ಫಂಕ್ಷನ್ ಇದೆ. ಶೇಪ್ ಎಂದರೆ ರೂಪ ಕೊಡು. ಅದನ್ನು ಕರೆಯುವ ಕ್ರಮ ಹೀಗಿದೆ:

1. ಪ್ರೋಗ್ರಾಮ್ ಮೊದಲು ಲೈಬ್ರರಿಯಿಂದ ಒಂದು ಖಾಲಿ ಡಬ್ಬಿಯನ್ನು ಕೇಳಿ ಪಡೆಯುತ್ತದೆ. ಇದಕ್ಕೆ 'ಬಫರ್' ಎನ್ನುತ್ತಾರೆ.

2. ನೀವು ಟೈಪ್ ಮಾಡಿದ ಅಕ್ಷರಗಳ ಸಂಖ್ಯೆಗಳನ್ನು ಆ ಡಬ್ಬಿಯಲ್ಲಿ ತುಂಬುತ್ತದೆ. ಇದು ಕನ್ನಡ ಲಿಪಿ, ಎಡದಿಂದ ಬಲಕ್ಕೆ ಓದಬೇಕು ಎಂಬುದನ್ನೂ ತಿಳಿಸುತ್ತದೆ.

3. 'ಶೇಪ್' ಫಂಕ್ಷನ್ನನ್ನು ಕರೆಯುತ್ತದೆ. ಕರೆಯುವಾಗ ನಾಲ್ಕು ಸಂಗತಿಗಳನ್ನು ಕೊಡಬೇಕು: ಯಾವ ಫಾಂಟು, ಯಾವ ಡಬ್ಬಿ, ವಿಶೇಷ ಅಲಂಕಾರಗಳು ಬೇಕಾದರೆ ಅವುಗಳ ಪಟ್ಟಿ, ಆ ಪಟ್ಟಿಯಲ್ಲಿ ಎಷ್ಟಿವೆ ಎಂಬ ಎಣಿಕೆ. ಈ ನಾಲ್ಕನ್ನೂ ಇದೇ ಕ್ರಮದಲ್ಲಿ ಕೊಡಬೇಕು.

4. ಲೈಬ್ರರಿ ಫಾಂಟಿನಲ್ಲಿರುವ ಸೂಚನೆಗಳನ್ನು ಓದಿ, ಯಾವ ಅಕ್ಷರದ ಚಿತ್ರ ಎಲ್ಲಿ ಕೂಡಬೇಕೆಂದು ಗೊತ್ತುಮಾಡಿ, ಉತ್ತರವನ್ನು ಅದೇ ಡಬ್ಬಿಯಲ್ಲಿ ತುಂಬಿ ಕೊಡುತ್ತದೆ.

5. ಪ್ರೋಗ್ರಾಮ್ ಆ ಉತ್ತರದಂತೆ ಅಕ್ಷರಗಳನ್ನು ಪರದೆಯ ಮೇಲೆ ಮೂಡಿಸುತ್ತದೆ. ಕೆಲಸವೆಲ್ಲ ಮುಗಿದ ಮೇಲೆ ಡಬ್ಬಿಯನ್ನು ಮರಳಿಸುತ್ತದೆ. ಮರಳಿಸಲು ಮರೆತರೆ ಇಂತಹ ಡಬ್ಬಿಗಳೇ ತುಂಬಿ ಕಂಪ್ಯೂಟರಿನ ಸ್ಮೃತಿಯಲ್ಲಿ ಜಾಗವಿಲ್ಲದಂತಾಗುತ್ತದೆ.

ಇಷ್ಟೆಲ್ಲ ಕೆಲಸ ನೀವು ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ!

ಮಾತು ತಪ್ಪಿದರೆ

ಕರೆಯುವವರು ಮತ್ತು ಕೆಲಸ ಮಾಡುವವರು ಇಬ್ಬರೂ ಒಂದೇ ಮಾತಿಗೆ ಬದ್ಧರಾಗಿರಬೇಕು. ಫಂಕ್ಷನ್ನಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಅದು ಸಿಗುವುದಿಲ್ಲ. ಲೈಬ್ರರಿಯ ಫೈಲನ್ನು ಯಾರಾದರೂ ಅಳಿಸಿಬಿಟ್ಟರೆ, ಅದನ್ನು ನಂಬಿದ ಪ್ರೋಗ್ರಾಮ್ ತೆರೆಯುವುದೇ ಇಲ್ಲ. 'ಡಿಎಲ್‌ಎಲ್ ಸಿಗುತ್ತಿಲ್ಲ' ಎಂಬ ಸೂಚನೆ ಪರದೆಯ ಮೇಲೆ ಬರುವುದು ಆಗಲೇ. ಆದ್ದರಿಂದ ಗೊತ್ತಿಲ್ಲದ ಫೈಲುಗಳನ್ನು ಅಳಿಸಬಾರದು.

ಇವು ಕೂಡಲೇ ಕಣ್ಣಿಗೆ ಬೀಳುವ ತಪ್ಪುಗಳು. ಇವಕ್ಕಿಂತ ಕೆಟ್ಟದ್ದು, ಎಲ್ಲ ಸರಿಯಾಗಿದೆ ಎಂದು ತೋರುತ್ತಲೇ ಒಳಗೆ ಉಳಿಯುವ ತಪ್ಪು. ನೀವು 'ಐದು' ಎಂದು ಹೇಳಿದಿರಿ. ನಿಮ್ಮ ಮನಸ್ಸಿನಲ್ಲಿ ಇದ್ದುದು ಐದು ಸೇರು, ಕೇಳಿದವರು ತಿಳಿದದ್ದು ಐದು ಕಿಲೋ. ಸಂಖ್ಯೆ ಒಂದೇ, ಅಳತೆ ಬೇರೆ!

ಇಂತಹ ತಪ್ಪಿನಿಂದ ಒಂದು ಆಕಾಶನೌಕೆಯೇ ಹಾಳಾಯಿತು. ಅಮೆರಿಕದ ನಾಸಾ ಸಂಸ್ಥೆ 1998ರ ಡಿಸೆಂಬರ್ 11ರಂದು ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯನ್ನು ಮಂಗಳ ಗ್ರಹಕ್ಕೆ ಕಳಿಸಿತು. ಭೂಮಿಯ ಮೇಲಿದ್ದ ಒಂದು ಪ್ರೋಗ್ರಾಮ್ ನೌಕೆಯ ಚಿಕ್ಕ ಎಂಜಿನ್ನುಗಳ ತಳ್ಳುವಿಕೆಯನ್ನು ಲೆಕ್ಕ ಹಾಕಿ ಇನ್ನೊಂದು ಪ್ರೋಗ್ರಾಮಿಗೆ ಕೊಡುತ್ತಿತ್ತು. ಮೊದಲನೆಯದು ಬ್ರಿಟಿಷರ ಪೌಂಡ್ ಅಳತೆಯಲ್ಲಿ ಸಂಖ್ಯೆ ಕೊಟ್ಟಿತು. ಎರಡನೆಯದು ಅದನ್ನು ನ್ಯೂಟನ್ ಅಳತೆಯೆಂದು ತಿಳಿಯಿತು. ಇವೆರಡರ ನಡುವೆ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸವಿದೆ. ತಿಂಗಳುಗಟ್ಟಲೆ ಈ ತಪ್ಪು ಸೇರುತ್ತಾ ಹೋಯಿತು. 1999ರ ಸೆಪ್ಟೆಂಬರ್ 23ರಂದು ನೌಕೆ ಮಂಗಳವನ್ನು ತಲುಪಿದಾಗ, ಇರಬೇಕಾದುದಕ್ಕಿಂತ ಬಹಳ ಕೆಳಗೆ, ಸುಮಾರು 57 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಯಿತು. ಆಮೇಲೆ ಅದರ ಸುದ್ದಿಯೇ ಬರಲಿಲ್ಲ.

ಆದ್ದರಿಂದಲೇ ಒಳ್ಳೆಯ ಲೈಬ್ರರಿಯ ಜೊತೆಗೆ ಒಂದು ಕೈಪಿಡಿ ಇರುತ್ತದೆ. ಫಂಕ್ಷನ್ನಿನ ಹೆಸರೇನು, ಏನನ್ನು ಯಾವ ಕ್ರಮದಲ್ಲಿ, ಯಾವ ಅಳತೆಯಲ್ಲಿ ಕೊಡಬೇಕು, ಉತ್ತರ ಹೇಗೆ ಬರುತ್ತದೆ ಎಂಬುದು ಅದರಲ್ಲಿ ಬರೆದಿರುತ್ತದೆ. ಪ್ರೋಗ್ರಾಮ್ ಬರೆಯುವವರು ಅದನ್ನು ಓದದೆ ಮುಂದೆ ಹೋಗಬಾರದು.

ಒಂದು ಕಡೆ ತಿದ್ದಿದರೆ ಎಲ್ಲೆಡೆ ಸರಿ

ಮೊದಲು ಲಿಬ್ರೆ ಆಫೀಸ್ ವಿಂಡೋಸಿನಲ್ಲಿ ಒಂದು ಲೈಬ್ರರಿಯನ್ನು, ಲಿನಕ್ಸಿನಲ್ಲಿ ಇನ್ನೊಂದನ್ನು ಕರೆಯುತ್ತಿತ್ತು. ಒಂದೇ ಬರಹ ಎರಡು ಕಂಪ್ಯೂಟರುಗಳಲ್ಲಿ ಬೇರೆ ಬೇರೆಯಾಗಿ ಕಾಣಬಹುದಾಗಿತ್ತು. 2017ರಲ್ಲಿ ಬಂದ 5.3ನೆಯ ಆವೃತ್ತಿಯಿಂದ ಎಲ್ಲ ಕಡೆಯೂ ಹರ್ಫ್‌ಬಜ್ಜನ್ನೇ ಕರೆಯುವಂತೆ ಮಾಡಿದರು.

ಇದರ ಲಾಭವೇನು? ಒತ್ತಕ್ಷರ ಕೂಡಿಸುವುದರಲ್ಲಿ ಲೈಬ್ರರಿ ಒಂದು ತಪ್ಪು ಮಾಡುತ್ತಿದೆ ಎಂದುಕೊಳ್ಳಿರಿ. ಅದನ್ನು ಅಲ್ಲಿ ಒಮ್ಮೆ ತಿದ್ದಿದರೆ ಸಾಕು. ಹೊಸ ಲೈಬ್ರರಿ ಬಂದ ಕೂಡಲೇ ಅದನ್ನು ಕರೆಯುವ ಪ್ರೋಗ್ರಾಮ್‌ಗಳಲ್ಲೆಲ್ಲ ಕನ್ನಡ ಸರಿಯಾಗಿ ಕಾಣುತ್ತದೆ. ಲೈಬ್ರರಿಯಲ್ಲಿ ಹೊಸ ತಪ್ಪು ಸೇರಿದರೆ ಅದು ಕೂಡ ಹಾಗೆಯೇ ಎಲ್ಲೆಡೆ ಹರಡುತ್ತದೆ. ಅದಕ್ಕಾಗಿ ತಿದ್ದಿದ ಪ್ರತಿಯೊಂದನ್ನೂ ಪರೀಕ್ಷಿಸಿ ನೋಡುತ್ತಾರೆ.

ಹರ್ಫ್‌ಬಜ್ ಎಲ್ಲರೂ ತೆರೆದು ಓದಬಹುದಾದ ಲೈಬ್ರರಿ. ತಪ್ಪು ಕಂಡವರು ಯಾರಾದರೂ ಅದನ್ನು ಬರೆದವರಿಗೆ ತಿಳಿಸಬಹುದು. ಆದರೆ 'ಸೂರ್ಯ'ದ ಅರ್ಕಾವತ್ತು ತಪ್ಪಾದ ಜಾಗದಲ್ಲಿ ಕೂತಿದೆ ಎಂಬುದು ಯಾರ ಕಣ್ಣಿಗೆ ಬೀಳುತ್ತದೆ? ಕನ್ನಡ ಓದಬಲ್ಲವರ ಕಣ್ಣಿಗೆ ಮಾತ್ರ. ಪ್ರೋಗ್ರಾಮ್ ಬರೆಯುವುದನ್ನು ನೀವು ಮುಂದೆ ಕಲಿಯಬಹುದು. ಕನ್ನಡ ಓದುವ ಕಣ್ಣು ನಿಮಗೆ ಈಗಾಗಲೇ ಇದೆ.

ಮಾಡಿ ನೋಡಿರಿ

1. ಗೆಳೆಯರು ಇಬ್ಬಿಬ್ಬರಾಗಿ ಕೂಡಿರಿ. ಒಬ್ಬರು 'ಪ್ರೋಗ್ರಾಮ್', ಇನ್ನೊಬ್ಬರು 'ಲೈಬ್ರರಿ'. 'ಕ್ಷೇತ್ರಫಲ' ಎಂಬುದು ಫಂಕ್ಷನ್ನಿನ ಹೆಸರು. ಮೊದಲು ಉದ್ದ, ಆಮೇಲೆ ಅಗಲ, ಎರಡೂ ಸೆಂಟಿಮೀಟರಿನಲ್ಲಿ ಎಂದು ಮಾತು ಮಾಡಿಕೊಳ್ಳಿರಿ. ಪ್ರೋಗ್ರಾಮ್ ಆದವರು ಪುಸ್ತಕದ ಒಂದು ಪುಟವನ್ನು ಅಳೆದು ಚೀಟಿಯಲ್ಲಿ ಎರಡು ಸಂಖ್ಯೆ ಬರೆದು ಕೊಡಲಿ. ಲೈಬ್ರರಿ ಆದವರು ಗುಣಿಸಿ ಉತ್ತರ ಮರಳಿಸಲಿ.

2. ಈಗ ಉದ್ದವನ್ನು ಸೆಂಟಿಮೀಟರಿನಲ್ಲಿ, ಅಗಲವನ್ನು ಇಂಚಿನಲ್ಲಿ ಅಳೆದು, ಅಳತೆಯ ಹೆಸರು ಹೇಳದೆ ಕೊಡಿರಿ. ಉತ್ತರ ಏನಾಯಿತು? ತಪ್ಪು ಯಾರದು? ಚರ್ಚಿಸಿರಿ.

3. ಶಾಲೆಯ ಕಂಪ್ಯೂಟರಿನಲ್ಲಿ 'ಸೂರ್ಯ', 'ಅಕ್ಕ', 'ರಾಷ್ಟ್ರ' ಎಂಬ ಪದಗಳನ್ನು ಎರಡು ಬೇರೆ ಪ್ರೋಗ್ರಾಮ್‌ಗಳಲ್ಲಿ ಟೈಪ್ ಮಾಡಿರಿ. ಒತ್ತಕ್ಷರಗಳು ಎರಡರಲ್ಲಿಯೂ ಒಂದೇ ರೀತಿ ಕಾಣುತ್ತವೆಯೇ? ನೋಡಿ ಬರೆಯಿರಿ.