ನೂರೈವತ್ತು ರೂಪಾಯಿಯ ರಗ್ಬಿ

ನಮ್ಮ ರಗ್ಬಿ ತಂಡದ ಲೆಕ್ಕದ ಪುಸ್ತಕ ಕಳೆದ ಜೂನ್‌ನಿಂದ ನನ್ನ ಬಳಿ ಇದೆ. ನಾನು ಆಟದಲ್ಲಿ ಅಷ್ಟೇನೂ ಚುರುಕಲ್ಲ. ಕಾಮರ್ಸ್ ಓದುತ್ತೇನೆ ಎಂಬ ಒಂದೇ ಕಾರಣಕ್ಕೆ, ನಮಗೆ ಆಟ ಕಲಿಸುವ ಅಣ್ಣ ಇನ್ನೂರು ಪುಟದ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು "ಇನ್ಮೇಲೆ ನೀನೇ ಖಜಾಂಚಿ ಕಣೋ" ಅಂದರು. ಆ ಪುಸ್ತಕದಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ತಪ್ಪನ್ನೂ ಮಾಡಿದೆ, ಅದನ್ನೂ ಬರೆಯುತ್ತೇನೆ.

ಮೊದಲು ಆಟದ ಬಗ್ಗೆ ಎರಡು ಮಾತು. ತರಗತಿಯಲ್ಲಿ ರಗ್ಬಿ ಎಂದ ಕೂಡಲೇ "ಹೆಲ್ಮೆಟ್ ಹಾಕ್ಕೊಂಡು ಆಡ್ತಾರಲ್ಲ, ಅದಾ?" ಎಂದು ಕೇಳುತ್ತಾರೆ. ಅಲ್ಲ, ಅದು ಅಮೆರಿಕದವರ ಫುಟ್‌ಬಾಲ್. ರಗ್ಬಿಯಲ್ಲಿ ಹೆಲ್ಮೆಟ್ ಇಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು, ಆದರೆ ಕೈಯಿಂದ ಪಾಸ್ ಕೊಡುವಾಗ ಚೆಂಡು ಮುಂದಕ್ಕೆ ಹೋಗಬಾರದು. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, ಐದು ಅಂಕ. ಪೂರ್ಣ ಆಟಕ್ಕೆ ಒಂದು ಕಡೆ ಹದಿನೈದು ಜನ, 80 ನಿಮಿಷ. ಚಿಕ್ಕ ರೂಪಕ್ಕೆ ಏಳು ಜನ, ಏಳೇಳು ನಿಮಿಷದ ಎರಡು ಅವಧಿ. ಒಲಿಂಪಿಕ್ಸ್‌ನಲ್ಲಿ 2016ರಿಂದ ಇರುವುದು ಈ ಏಳು ಜನರ ಆಟ. ನಾವು ಆಡುವುದೂ ಅದನ್ನೇ, ಯಾಕೆಂದರೆ ಭಾನುವಾರ ಬೆಳಿಗ್ಗೆ ಮೂವತ್ತು ಜನ ಯಾವತ್ತೂ ಸೇರುವುದಿಲ್ಲ.

ನಾವು ಒಟ್ಟು ಹದಿನೆಂಟು ಮಂದಿ. ವಿಜಯನಗರ, ಪಾದರಾಯನಪುರ, ಬಸವೇಶ್ವರನಗರ, ಕೆಂಗೇರಿ ಕಡೆಯವರು. ಒಂಬತ್ತು ಜನ ಕಾಲೇಜು ಹುಡುಗರು, ನಾಲ್ವರು ಕೆಲಸದಲ್ಲಿರುವವರು, ಉಳಿದವರು ಓದನ್ನು ಅರ್ಧಕ್ಕೆ ಬಿಟ್ಟು ಅಲ್ಲಿ ಇಲ್ಲಿ ದುಡಿಯುವವರು. ಕೆಂಗೇರಿ ಉಪನಗರದ ಹತ್ತಿರ ಒಂದು ಶಾಲೆಯ ಮೈದಾನದಲ್ಲಿ ಆಡುತ್ತೇವೆ. ಭಾನುವಾರ ಮೆಟ್ರೊ ಏಳು ಗಂಟೆಗೆ ಶುರುವಾಗುವುದರಿಂದ ನಮ್ಮ ಅಭ್ಯಾಸವೂ ಏಳೂ ಮುಕ್ಕಾಲಿಗೆ.

ಈಗ ಲೆಕ್ಕ. ತಿಂಗಳಿಗೆ ತಲಾ ರೂ. 150 ಚಂದಾ. ಹದಿನೆಂಟು ಜನ ಕೊಟ್ಟರೆ 2,700. ನಾನು ಪುಸ್ತಕ ತೆಗೆದುಕೊಂಡಾಗ ಕೊಡುತ್ತಿದ್ದವರು ಸರಾಸರಿ ಹನ್ನೊಂದು ಜನ, ಅಂದರೆ 1,650. ಮೈದಾನಕ್ಕೆ ಶಾಲೆಗೆ ಕೊಡುವುದು 1,200. ಎಷ್ಟು ಜನ ಬಂದರೂ, ಮಳೆ ಬಂದು ಆಟವೇ ನಡೆಯದಿದ್ದರೂ ಈ 1,200 ಕೊಡಲೇಬೇಕು. ನಾವು ಓದುವ ಸ್ಥಿರ ವೆಚ್ಚ ಎಂದರೆ ಇದೇ. ಎಂಟು ಜನ ಕೊಟ್ಟರೆ ಮೈದಾನದ ದುಡ್ಡು ಹುಟ್ಟುತ್ತದೆ. ಚೆಂಡು, ಟೇಪು, ಐಸು, ಪ್ರಥಮ ಚಿಕಿತ್ಸೆಯ ಡಬ್ಬಿ ಎಲ್ಲವೂ ಒಂಬತ್ತನೆಯವನಿಂದ ಹಿಡಿದು ಮುಂದಿನವರ ದುಡ್ಡಿನಲ್ಲಿ. ಚೆಂಡೊಂದಕ್ಕೆ ನಾವು ಕೊಟ್ಟದ್ದು 1,500. ನಮ್ಮ ನೆಲದಲ್ಲಿ ಅದು ಆರು ತಿಂಗಳು ಬಾಳುತ್ತದೆ.

ಟರ್ಫ್‌ನಲ್ಲಿ ಆಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನಾವು ವಿಚಾರಿಸಿದ ಒಂದು ಕಡೆ ಗಂಟೆಗೆ 1,200 ಹೇಳಿದರು. ವಾರಕ್ಕೆ ಎರಡು ಗಂಟೆಯಂತೆ ನಾಲ್ಕು ಭಾನುವಾರಕ್ಕೆ 9,600. ಹದಿನೆಂಟು ಜನರಿಗೆ ಹಂಚಿದರೆ ತಲೆಗೆ 533. ಅಷ್ಟು ಕೊಟ್ಟರೂ ಸಿಗುವುದು ಐದು ಜನರ ಫುಟ್‌ಬಾಲಿಗೆಂದು ಬಲೆ ಕಟ್ಟಿದ ಜಾಗ. ರಗ್ಬಿ ಮೈದಾನದ ಉದ್ದವೇ ಗೆರೆಯಿಂದ ಗೆರೆಗೆ ನೂರು ಮೀಟರ್. ದೊಡ್ಡ ಮೈದಾನಗಳಲ್ಲಿ ಭಾನುವಾರ ಒಂದೇ ಸಲಕ್ಕೆ ಏಳೆಂಟು ಕ್ರಿಕೆಟ್ ಮ್ಯಾಚ್ ನಡೆಯುತ್ತಿರುತ್ತವೆ. ಒಬ್ಬನ ಕವರ್ ಫೀಲ್ಡರ್ ಇನ್ನೊಬ್ಬನ ಅಂಪೈರ್ ಪಕ್ಕದಲ್ಲೇ ನಿಂತಿರುತ್ತಾನೆ. ಅದರ ನಡುವೆ ಟ್ಯಾಕಲ್ ಮಾಡಲಾಗುವುದಿಲ್ಲ. ಹಾಗಾಗಿ ಶಾಲೆಯ ಮೈದಾನವೊಂದೇ ನಮಗೆ ಗತಿ.

ಪುಸ್ತಕ ಬರೆಯುವಾಗ ನನಗೆ ಖುಷಿ ಕೊಟ್ಟ ಒಂದು ಸಂಗತಿ ಇದೆ. ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ಚಂದಾ. ಅಕೌಂಟೆನ್ಸಿ ಕನ್ನಡದಲ್ಲಿ ಕಷ್ಟ ಎಂದು ನಮ್ಮ ಮನೆಯಲ್ಲಿ ಹೆದರಿಸಿದ್ದರು. ಆದರೆ ಅಂಗಡಿಯ ಲೆಕ್ಕದ ಕನ್ನಡದಲ್ಲಿ ಅರ್ಧಕ್ಕರ್ಧ ಅಬ್ಬು ದಿನಾ ಆಡುವ ಮಾತೇ ಇದೆ.

ತಪ್ಪು ನಡೆದದ್ದು ಆಗಸ್ಟ್‌ನಲ್ಲಿ. ಬಾಕಿ ವಸೂಲಿಯಾಗುತ್ತಿಲ್ಲ ಎಂದು ನಾನು ಒಂದು ಚಂದದ ಪಟ್ಟಿ ಮಾಡಿದೆ. ಹೆಸರು, ತಿಂಗಳು, ಬಾಕಿ ಮೊತ್ತ. ಬಾಕಿ ಇರುವವರ ಸಾಲಿಗೆ ಕೆಂಪು ಬಣ್ಣ. ಅದನ್ನು ತಂಡದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಎರಡು ದಿನದಲ್ಲಿ 750 ರೂಪಾಯಿ ಬಂತು. ಖಜಾಂಚಿಯಾಗಿ ನನಗೆ ಹೆಮ್ಮೆಯಾಯಿತು. ಆದರೆ ಮುಂದಿನ ಭಾನುವಾರ ನಮ್ಮ ವಿಂಗರ್ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗ, ತಂಡದಲ್ಲಿ ಎಲ್ಲರಿಗಿಂತ ವೇಗ ಅವನದು. ಅವನ ಹೆಸರಿನ ಮುಂದೆ ನಾಲ್ಕು ತಿಂಗಳ 600 ರೂಪಾಯಿ ಕೆಂಪಾಗಿ ನಿಂತಿತ್ತು. ಫೋನ್ ಮಾಡಿದರೆ "ಕೆಲಸ ಇದೆ ಭಾಯ್" ಅಂದ.

ಮನೆಯಲ್ಲಿ ಅಬ್ಬುಗೆ ಹೇಳಿದೆ. ಅವರು ನಮ್ಮ ಮೊಹಲ್ಲಾದ ಕಮಿಟಿಯಲ್ಲಿ ಹತ್ತು ವರ್ಷ ಚಂದಾ ಎತ್ತಿದವರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ನಾವು ಕೊಟ್ಟವರ ಹೆಸರನ್ನ ಬೋರ್ಡ್ ಮೇಲೆ ಬರೀತೀವಿ. ಕೊಡದೇ ಇರೋರದ್ದು ಎಲ್ಲಾದರೂ ಬರೆದದ್ದು ನೋಡಿದ್ದೀಯಾ?" ಎಂದಷ್ಟೇ ಕೇಳಿದರು.

ಈ ಚಂದಾದ ತೊಂದರೆ ನಮ್ಮೊಬ್ಬರದೇ ಅಲ್ಲ. ಭಾರತದ ಮೊದಮೊದಲ ರಗ್ಬಿ ಕ್ಲಬ್ಬೊಂದು ಮುಚ್ಚಿದ್ದೂ ಇದೇ ಕಾರಣಕ್ಕೆ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತದಲ್ಲಿ ಅಲ್ಲಿದ್ದ ಬ್ರಿಟಿಷರು ಒಂದು ಪಂದ್ಯ ಆಡಿದರು. ಮರು ತಿಂಗಳೇ, 1873ರ ಜನವರಿಯಲ್ಲಿ, ಕಲ್ಕತ್ತ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಹೆಸರು ಫುಟ್‌ಬಾಲ್ ಆದರೂ ಆಟ ರಗ್ಬಿ. ಸದಸ್ಯರು 137 ಜನ. ಅಷ್ಟು ಜನ ಸೇರಲು ಕ್ಲಬ್ಬಿನಲ್ಲಿ ಮದ್ಯ ಉಚಿತವಾಗಿದ್ದದ್ದೂ ಒಂದು ಕಾರಣ. ಖರ್ಚು ತಾಳಲಾರದೆ ಅದನ್ನು ನಿಲ್ಲಿಸಿದಾಗ ಸದಸ್ಯರು ಕರಗತೊಡಗಿದರು. (ನಮ್ಮಲ್ಲಿ ಆಟದ ನಂತರ ಚಹಾ ಮತ್ತು ಬನ್ ಮಾತ್ರ, ಅದೂ ಅವರವರ ದುಡ್ಡಿನಲ್ಲಿ. ಹಾಗಾಗಿ ಆ ಅಪಾಯ ನಮಗಿಲ್ಲ.) ಸೇನೆಯ ಒಂದು ರೆಜಿಮೆಂಟೂ ಊರು ಬಿಟ್ಟಿತು. ಉಳಿದವರು ಈ ಸೆಕೆಗೆ ಟೆನಿಸ್, ಪೋಲೊ ವಾಸಿ ಎಂದು ಅತ್ತ ಹೋದರು.

ಕಾಮರ್ಸಿನವರು ಗಮನಿಸಬೇಕಾದದ್ದು ಮುಂದಿನದು. ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿ ಇನ್ನೂ ದುಡ್ಡಿತ್ತು. ಪಾಲುದಾರಿಕೆ ಸಂಸ್ಥೆಯಾಗಿದ್ದರೆ ವಿಸರ್ಜನೆಯ ಹೊತ್ತಿಗೆ ಹಂಚಿಕೊಳ್ಳುತ್ತಿದ್ದರು. ಇವರು ಹಂಚಿಕೊಳ್ಳಲಿಲ್ಲ. ಕ್ಲಬ್ಬಿನ ನಾಯಕ, ಕಾರ್ಯದರ್ಶಿ, ಖಜಾಂಚಿ ಎಲ್ಲವೂ ಆಗಿದ್ದ ರಾತ್ನಿ ಎಂಬವರ ಸಲಹೆಯಂತೆ ಖಾತೆಯನ್ನು ಬೆಳ್ಳಿ ರೂಪಾಯಿಗಳಲ್ಲಿ ಮುಚ್ಚಿ, ಆ ನಾಣ್ಯಗಳನ್ನು ಕರಗಿಸಿ ಒಂದು ಕಪ್ ಮಾಡಿಸಿದರು. ಎತ್ತರ ಸುಮಾರು 45 ಸೆಂಟಿಮೀಟರ್. ಹಿಡಿಗಳು ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 1878ರಲ್ಲಿ ಅದನ್ನು ಇಂಗ್ಲೆಂಡಿನ ರಗ್ಬಿ ಯೂನಿಯನ್‌ಗೆ ಕೊಟ್ಟರು. 1879ರಿಂದ ಇಂದಿನವರೆಗೂ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆಡುವುದು ಆ ಕಲ್ಕತ್ತ ಕಪ್‌ಗಾಗಿ. ನಮ್ಮ ಆಪಾ ಓದಿದ ಹಳೆಯ ಪುಸ್ತಕದಲ್ಲಿ ಲಾಭೋದ್ದೇಶವಿಲ್ಲದ ಸಂಸ್ಥೆಗಳ ಲೆಕ್ಕದ ಅಧ್ಯಾಯವಿದೆ. ಅದರಲ್ಲಿ 'ಬಂಡವಾಳ ನಿಧಿ' ಯಾರಿಗೂ ಸೇರಿದ್ದಲ್ಲ ಎಂದು ಓದಿದಾಗ ಅರ್ಥವಾಗಿರಲಿಲ್ಲ. ಈ ಕಪ್ಪಿನ ಕಥೆ ಓದಿದ ಮೇಲೆ ಅರ್ಥವಾಯಿತು.

ಇದಕ್ಕೆ ತದ್ವಿರುದ್ಧವಾದ ಕಥೆ ಸ್ಕಾಟ್ಲೆಂಡಿನ ಮೆಲ್ರೋಸ್ ಎಂಬ ಊರಿನದು. 1883ರಲ್ಲಿ ಅಲ್ಲಿನ ಕ್ಲಬ್ಬಿಗೆ ದುಡ್ಡಿನ ಅಡಚಣೆ ಬಂತು. ನೆಡ್ ಹೇಗ್ ಎಂಬ ಮಾಂಸದಂಗಡಿಯವನು ಒಂದು ಪಂದ್ಯಾವಳಿ ಇಟ್ಟು ದುಡ್ಡು ಎತ್ತೋಣ ಎಂದ. ಆದರೆ ಹದಿನೈದು ಜನರ ಪಂದ್ಯಗಳನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸುವುದು ಹೇಗೆ? ತಂಡವನ್ನು ಏಳಕ್ಕೆ ಇಳಿಸಿ ಸಮಯವನ್ನೂ ಕತ್ತರಿಸಿದರು. ಇಂದು ಒಲಿಂಪಿಕ್ಸ್‌ನಲ್ಲಿರುವ ಏಳು ಜನರ ರಗ್ಬಿ ಹುಟ್ಟಿದ್ದು ಹೀಗೆ, ಖಾಲಿಯಾಗಿದ್ದ ಒಂದು ಗಲ್ಲಾಪೆಟ್ಟಿಗೆಯಿಂದ.

ನಾವೂ ಅದನ್ನೇ ಮಾಡಿದೆವು. ಅಕ್ಟೋಬರಿನಲ್ಲಿ ಟ್ಯಾಗ್ ರಗ್ಬಿ ಪಂದ್ಯಾವಳಿ. ಟ್ಯಾಗ್ ಎಂದರೆ ಕೆಡವುವ ಬದಲು ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಕಿತ್ತುಕೊಳ್ಳುವುದು. ಆರು ತಂಡ, ತಂಡಕ್ಕೆ ರೂ. 600, ಒಟ್ಟು 3,600. ಮೈದಾನಕ್ಕೆ ಆ ದಿನಕ್ಕೆ 1,000, ನೀರು ಬಾಳೆಹಣ್ಣು ಚಹಾಕ್ಕೆ 740, ಗೆರೆಗೆ ಸುಣ್ಣದ ಪುಡಿ ಮತ್ತು ಔಷಧಿಗೆ 260. ಉಳಿದದ್ದು 1,600. ಟ್ಯಾಗ್ ಆಡಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಸೆಪ್ಟೆಂಬರಿನಲ್ಲಿ ನಮ್ಮವನೊಬ್ಬ ಬಿದ್ದು ಕಾಲರ್ ಬೋನ್ ಮುರಿದುಕೊಂಡ. ಆ ದಿನ ತಂಡದ ಪೆಟ್ಟಿಗೆಯಲ್ಲಿದ್ದದ್ದು 900 ರೂಪಾಯಿ. ಆಸ್ಪತ್ರೆಯ ಖರ್ಚೆಲ್ಲ ಅವರ ಮನೆಯವರದೇ ಆಯಿತು. ಅವನ ತಾಯಿ ಏನೂ ಅನ್ನಲಿಲ್ಲ, ನನಗೆ ಮಾತ್ರ ಮುಖ ಎತ್ತಲಾಗಲಿಲ್ಲ. ಆಮೇಲೆ ಪ್ರತಿ ಚಂದಾದಲ್ಲಿ 20 ರೂಪಾಯಿಯನ್ನು ಬೇರೆ ಪುಟದಲ್ಲಿ ಬರೆಯುತ್ತಿದ್ದೇನೆ. ಅದನ್ನು ಚೆಂಡಿಗೂ ಮುಟ್ಟುವಂತಿಲ್ಲ.

ಚಂದಾದ ಪದ್ಧತಿಯನ್ನೂ ಬದಲಾಯಿಸಿದೆವು. ಇದಕ್ಕೆ ದಾರಿ ತೋರಿಸಿದ್ದು ಕೊಡಗಿನ ಹಾಕಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ ಕೊಡವ ಹಾಕಿ ಉತ್ಸವದಲ್ಲಿ 2024ರಲ್ಲಿ 360 ಕುಟುಂಬಗಳು ಆಡಿದವು. ಅಲ್ಲಿ ಪ್ರತಿ ವರ್ಷ ಒಂದೊಂದು ಕುಟುಂಬ ಸರದಿಯ ಮೇಲೆ ಹೊಣೆ ಹೊರುತ್ತದೆ. ನಾವೂ ಸರದಿ ಮಾಡಿಕೊಂಡೆವು. ಕೆಲಸದಲ್ಲಿರುವ ನಾಲ್ವರು ತಿಂಗಳಿಗೆ 300 ಕೊಡುತ್ತಾರೆ, 1,200. ಒಂಬತ್ತು ವಿದ್ಯಾರ್ಥಿಗಳು 150, ಅಂದರೆ 1,350. ಒಟ್ಟು 2,550. ಉಳಿದ ಐವರು ಆದರೆ ಕೊಡುತ್ತಾರೆ, ಇಲ್ಲದಿದ್ದರೆ ಇಲ್ಲ. ನೀರು ತರುವುದು, ಗೆರೆ ಎಳೆಯುವುದು, ಜೆರ್ಸಿ ಒಗೆಸುವುದು ಮಾತ್ರ ಹದಿನೆಂಟು ಜನಕ್ಕೂ ಸರದಿ. ಯಾರು ಎಷ್ಟು ಕೊಟ್ಟರೆಂಬುದು ಅಣ್ಣನಿಗೂ ನನಗೂ ಮಾತ್ರ ಗೊತ್ತು. ಅರ್ಥಶಾಸ್ತ್ರದ ಪುಸ್ತಕ ಇದನ್ನು ಬೆಲೆ ತಾರತಮ್ಯ ಎನ್ನುತ್ತದೆ. ತಾರತಮ್ಯ ಎಂಬುದು ಕೆಟ್ಟ ಮಾತಿನಂತೆ ಕೇಳಿಸಿದರೂ ಮೊದಲಿಗಿಂತ 900 ರೂಪಾಯಿ ಹೆಚ್ಚು ಬರುತ್ತಿದೆ.

ದೊಡ್ಡ ಕಂಪನಿಗಳನ್ನು ಕೇಳಿ ಎಂದು ಸಲಹೆ ಕೊಟ್ಟವರಿದ್ದಾರೆ. 2013ರ ಕಂಪನಿ ಕಾಯ್ದೆಯ 135ನೇ ವಿಧಿಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಆ ಪಟ್ಟಿಯಲ್ಲಿದೆ, ರಗ್ಬಿ ಅದರೊಳಗೆ ಬರುತ್ತದೆ. ಆದರೆ ಅವರು ನೋಟ್‌ಬುಕ್ ಹಿಡಿದ ಹುಡುಗನಿಗೆ ದುಡ್ಡು ಕೊಡುವುದಿಲ್ಲ. ನೋಂದಾಯಿತ ಸಂಸ್ಥೆ ಬೇಕು, ಅದಕ್ಕೆ ತೆರಿಗೆ ಇಲಾಖೆಯ ನೋಂದಣಿ ಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು. ಮೊದಲ ಮೆಟ್ಟಿಲು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಅದಕ್ಕೆ ಹದಿನೆಂಟು ದಾಟಿದ ಏಳು ಜನ ಸಾಕು, ತಮಾಷೆಗೆ ಒಂದು ರಗ್ಬಿ ತಂಡದಷ್ಟು. ನೋಂದಾಯಿಸಿದ ಮೇಲೆ ಪ್ರತಿ ವರ್ಷ ಸಭೆ ಕರೆದು, ಲೆಕ್ಕಪತ್ರ ಮತ್ತು ಸಮಿತಿಯ ಪಟ್ಟಿಯನ್ನು ಸಲ್ಲಿಸಬೇಕು. ಈಗ ನಮ್ಮ ದುಡ್ಡು ಅಣ್ಣನ ಸ್ವಂತ ಖಾತೆಗೆ ಬೀಳುತ್ತದೆ. ಅವರು ಒಂದು ಪೈಸೆ ಮುಟ್ಟುವವರಲ್ಲ, ಆದರೂ ಅವರ ಮನೆ ಬಾಡಿಗೆಯೂ ನಮ್ಮ ಚಂದಾವೂ ಒಂದೇ ಖಾತೆಯಲ್ಲಿರುವುದು ಸರಿಯಲ್ಲ. ಮಾಲೀಕನೇ ಬೇರೆ, ವ್ಯವಹಾರವೇ ಬೇರೆ ಎಂದು ಫಸ್ಟ್ ಪಿಯುಸಿಯ ಮೊದಲ ತಿಂಗಳಲ್ಲೇ ನಮಗೆ ಹೇಳಿಕೊಟ್ಟಿದ್ದಾರೆ.

ಹುಡುಗರಿಗೆ ನಾನು ಆಗಾಗ ಎರಡು ಹೆಸರು ಹೇಳುತ್ತಿರುತ್ತೇನೆ. ಒಂದು ಕೋಲ್ಕತ್ತದ ಜಂಗಲ್ ಕ್ರೋಸ್. ಬ್ರಿಟಿಷ್ ರಾಯಭಾರ ಕಚೇರಿಯ ಕೆಲಸಕ್ಕೆ ಬಂದಿದ್ದ ಪಾಲ್ ವಾಲ್ಶ್ 2004ರಲ್ಲಿ ಬಡ ಬಡಾವಣೆಗಳ ಮಕ್ಕಳನ್ನು ಸೇರಿಸಿ ಕಟ್ಟಿದ ರಗ್ಬಿ ಕ್ಲಬ್ ಅದು. ಅಲ್ಲಿ ಆಡಿ ಬೆಳೆದವರೇ ಈಗ ಮಕ್ಕಳಿಗೆ ಕಲಿಸುತ್ತಾರೆ. ಇನ್ನೊಂದು ನಮ್ಮೂರಿನದೇ, ಬೆಂಗಳೂರು ಮುಸ್ಲಿಮ್ಸ್ ಫುಟ್‌ಬಾಲ್ ತಂಡ. ಮುಂಬಯಿಯ ರೋವರ್ಸ್ ಕಪ್ಪನ್ನು 1891ರಿಂದ ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದಾಗ, 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಇವರದು. ಮರು ವರ್ಷವೂ ಗೆದ್ದರು, 1948ರಲ್ಲಿ ಮೋಹನ್ ಬಗಾನನ್ನು ಸೋಲಿಸಿ ಮತ್ತೊಮ್ಮೆ ಗೆದ್ದರು. 2025ರ ಜೂನ್‌ನಲ್ಲಿ ಮುಂಬಯಿಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆದಾಗ ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡವೂ ಆಡಿತು. ಅದು ಫ್ರಾಂಚೈಸಿ, ಅದರ ಲೆಕ್ಕವೇ ಬೇರೆ.

ವಿಂಗರ್ ವಿಷಯ ಹೇಳಬೇಕು. ಕೆಂಪು ಪಟ್ಟಿಯನ್ನು ಅಳಿಸಿ ಗುಂಪಿನಲ್ಲಿ ಎಲ್ಲರ ಕ್ಷಮೆ ಕೇಳಿದೆ. ಅವನಿಂದ ಉತ್ತರ ಬರಲಿಲ್ಲ. ಗ್ಯಾರೇಜಿಗೇ ಹೋದೆ. ಬೈಕಿನ ಕೆಳಗೆ ಮಲಗಿದ್ದವನು ಎದ್ದು ಕೈ ಒರೆಸಿಕೊಂಡು, ಜೇಬಿನಿಂದ 600 ರೂಪಾಯಿ ತೆಗೆದು ಕೊಟ್ಟ. ಬೇಡ ಎಂದೆ. "ಬರ್ಕೋ, ಬಾಕಿ ಇಲ್ಲ ಅಂತ ಬರ್ಕೋ" ಅಂದ. ಬರೆದುಕೊಂಡೆ, ರಸೀದಿಯನ್ನೂ ಕೊಟ್ಟೆ. ಅಕ್ಟೋಬರಿನ ಪಂದ್ಯಾವಳಿಗೆ ಬಂದು ಮೂರು ಟ್ರೈ ಮಾಡಿದ. ಆಮೇಲೆ ಒಂದು ವಾರ ಬಂದರೆ ಎರಡು ವಾರ ಇಲ್ಲ.

ಶಾಲೆಯವರು ಮೈದಾನವನ್ನು ಮಾರ್ಚ್‌ವರೆಗೆ ಕೊಟ್ಟಿದ್ದಾರೆ. ಏಪ್ರಿಲ್‌ನಿಂದ ಅಲ್ಲಿ ಹೊಸ ಕಟ್ಟಡದ ಕೆಲಸವಂತೆ. ನನಗೆ ಹದಿನೆಂಟು ತುಂಬುವುದು ಫೆಬ್ರವರಿಯಲ್ಲಿ. ಸಂಘದ ನೋಂದಣಿಗೆ ಏಳು ಸಹಿ ಬೇಕು, ಆರು ಸಿಕ್ಕಿವೆ. ಅರ್ಜಿಯನ್ನು ಈಗಲೇ ತುಂಬಿ ಪುಸ್ತಕದ ನಡುವೆ ಇಟ್ಟಿದ್ದೇನೆ.