ನಿಮಗಿದು ಗೊತ್ತೇ? ಸೂಳೆಕೆರೆ ಏರಿಯಿಂದ ಜಗಳೂರಿನ ಕೊಡದವರೆಗೆ ಸದ್ದಿನ ದಾರಿ

● ಸದ್ದು ಊರು ದಾಟಿ ಬರುತ್ತದೆ, ಅದನ್ನು ಹೊತ್ತ ಗಾಳಿ ಇದ್ದಲ್ಲೇ ಇರುತ್ತದೆ. ನ್ಯಾಮತಿ ತಾಲ್ಲೂಕಿನ ತೀರ್ಥರಾಮೇಶ್ವರದಲ್ಲಿ ದರ್ಶನಕ್ಕೆ ಸಾಲು ನಿಂತಿದ್ದೀರಿ ಎಂದುಕೊಳ್ಳಿ. ಹಿಂದೆ ಯಾರೋ ತಳ್ಳಿದರು. ಆ ನೂಕು ಬೆನ್ನಿಂದ ಬೆನ್ನಿಗೆ ದಾಟಿ ಸಾಲಿನ ಮುಂದಿರುವವರಿಗೆ ತಗಲುತ್ತದೆ, ತಳ್ಳಿದವರು ಮಾತ್ರ ಬಾಲದಲ್ಲೇ ಉಳಿಯುತ್ತಾರೆ. ಗಾಳಿಯ ಕಣಗಳೂ ಹೀಗೆಯೇ. ಒಂದು ಕಣ ಪಕ್ಕದ ಕಣವನ್ನು ತಳ್ಳಿ ತನ್ನ ಜಾಗಕ್ಕೆ ಮರಳುತ್ತದೆ. ಒತ್ತಾದ ಗಾಳಿ, ತೆಳುವಾದ ಗಾಳಿ, ಮತ್ತೆ ಒತ್ತು, ಮತ್ತೆ ತೆಳು. ಇದೇ ಶಬ್ದದ ಅಲೆ.

● ಬಿಸಿಲು ಏರಿದಂತೆ ಸದ್ದಿನ ಕಾಲೂ ಚುರುಕಾಗುತ್ತದೆ. ಗಾಳಿಯ ಉಷ್ಣತೆ 0 ಡಿಗ್ರಿ ಇದ್ದಾಗ ಅದರ ವೇಗ ಸೆಕೆಂಡಿಗೆ ಸುಮಾರು 331 ಮೀಟರ್. ಪ್ರತಿ ಡಿಗ್ರಿಗೆ 0.6 ಮೀಟರ್‌ನಂತೆ ಏರುತ್ತದೆ. ಜಗಳೂರಿನಲ್ಲಿ 40 ಡಿಗ್ರಿ ಸುಡುವ ಮಧ್ಯಾಹ್ನ 355 ಮೀಟರ್. 15 ಡಿಗ್ರಿಯ ಚಳಿಯ ನಸುಕಿನಲ್ಲಿ 340.

● ಮಿಂಚಿದ ಮೇಲೆ ಎಣಿಸಿ. ಗುಡುಗು ಕೇಳಲು ಹಿಡಿದ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರವಿತ್ತೆಂದು ಸಿಗುತ್ತದೆ. ಲೆಕ್ಕ ಸಣ್ಣದಾದಷ್ಟೂ ಅಪಾಯ ಹತ್ತಿರ. ಗುಡುಗು ಕಿವಿಗೆ ಬಿತ್ತೆಂದರೆ ಹೊಲದಲ್ಲಿ ನಿಲ್ಲಬೇಡಿ, ಮರದಡಿಗೂ ಹೋಗಬೇಡಿ, ಮನೆ ಸೇರಿಕೊಳ್ಳಿ.

● 'ಹೊನ್ನಾಳಿ ಹೊಡೆತ' ನಮ್ಮ ಕಡೆ ಬಾಯಿಂದ ಬಾಯಿಗೆ ಹರಿದ ಮಾತು. ಅದೇ ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದಲ್ಲಿ ನಿಂತು, ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿ. ಬಟ್ಟೆ ಕಲ್ಲಿಗೆ ಬೀಳುವುದು ಮೊದಲು ಕಾಣುತ್ತದೆ. ಅವರ ಕೈ ಮತ್ತೆ ಮೇಲೇಳುತ್ತಿರುವಾಗ 'ಧಪ್' ಎಂಬುದು ಬಂದು ತಲುಪುತ್ತದೆ. ನಡುವೆ 340 ಮೀಟರ್ ಇದ್ದರೆ ಅಂತರ ಒಂದು ಸೆಕೆಂಡು.

● ಅದೇ ಹೊಳೆಯಲ್ಲಿ ಮುಳುಗು ಹಾಕಿ ಎರಡು ಕಲ್ಲು ಕುಟ್ಟಿಸಿದರೆ ಸದ್ದು ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ. ಕೇಳುವುದೇನೋ ಸ್ಪಷ್ಟ, ಯಾವ ಕಡೆಯಿಂದ ಬಂತೆಂದು ಮಾತ್ರ ಗೊತ್ತಾಗುವುದಿಲ್ಲ. ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ತಲುಪುವ ವ್ಯತ್ಯಾಸದಿಂದಲೇ ನಾವು ದಿಕ್ಕು ಹಿಡಿಯುವುದು. ಗಾಳಿಯಲ್ಲೂ ಅದು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ನೀರಿನಲ್ಲಿ ಅದರ ಕಾಲು ಭಾಗವೂ ಉಳಿಯುವುದಿಲ್ಲ.

● ಚನ್ನಗಿರಿಯ ಸೂಳೆಕೆರೆ, ಕಾಗದದಲ್ಲಿ ಶಾಂತಿಸಾಗರ. ಹೊತ್ತು ಮುಳುಗುವಾಗ ಅದರ ಏರಿಯ ಮೇಲೆ ಸುಮ್ಮನೆ ಕುಳಿತುಕೊಳ್ಳಬೇಕು. ದೂರದ ತೆಪ್ಪದಲ್ಲಿ ಇಬ್ಬರು ಮಾತಾಡಿಕೊಳ್ಳುವುದು ಪಕ್ಕದಲ್ಲೇ ಕುಳಿತು ಆಡಿದಂತೆ ಕೇಳುತ್ತದೆ. ಹಗಲಲ್ಲಿ ಕೂಗಿದರೂ ಕೇಳದ್ದು ಸಂಜೆ ಪಿಸುಗುಟ್ಟಿದರೆ ಕೇಳುವುದು ಹೇಗೆ? ಸುತ್ತಲಿನ ಗದ್ದಲ ಇಳಿದಿರುವುದು ಒಂದು ಕಾರಣ. ಇನ್ನೊಂದು, ನನಗೆ ಅತಿ ಚೆಂದವೆನಿಸುವುದು, ಗಾಳಿಯ ಪದರಗಳದ್ದು. ನಡುಹಗಲು ಕಾದ ನೆಲದ ಗಾಳಿ ಬಿಸಿ, ಮೇಲಿನದು ತಂಪು. ಬಿಸಿಯಲ್ಲಿ ಸದ್ದು ಬೇಗ ಓಡುವುದರಿಂದ ಅಲೆ ಆಕಾಶದ ಕಡೆಗೆ ಬಾಗಿ ನಮ್ಮ ತಲೆ ಮೇಲೆ ಹಾದುಹೋಗುತ್ತದೆ. ತಣ್ಣನೆಯ ನೀರನ್ನು ತಾಗಿದ ಗಾಳಿ ತಂಪಾಗಿ, ಮೇಲಿನದು ಬೆಚ್ಚಗಿದ್ದರೆ ಎಲ್ಲವೂ ತಿರುಗುಮುರುಗು. ಮೇಲೆ ಹೊರಟ ಅಲೆಯೂ ಕೆಳಕ್ಕೆ ಬಾಗಿ ನೀರಿನ ಮೇಲೆಯೇ ಸಾಗಿ ಬರುತ್ತದೆ. ನೀರು ನುಣುಪಾಗಿರುವುದರಿಂದ ಸದ್ದನ್ನು ಹೀರದೆ ಮತ್ತೆ ಎಸೆಯುತ್ತದೆ.

ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ, ಹೊಂಡಕ್ಕೆ ಪೈಪಿನ ನೀರು ಬೀಳುವ ಸದ್ದನ್ನು ರೈತರು ಮನೆ ಅಂಗಳದಿಂದಲೇ ಗುರುತಿಸುವುದಕ್ಕೂ ಇದೇ ಪದರಗಳ ಸಹಾಯವುಂಟು. ಸೂರ್ಯ ಮುಳುಗಿದ ಮೇಲೆ ಹೊಲದ ನೆಲವೂ ತಣಿಯುತ್ತದೆ.

● ಊರಾಚೆಯ ಮೆರವಣಿಗೆಯ ಡಿಜೆಯಲ್ಲಿ ಹಾಡು ಕೇಳುವುದಿಲ್ಲ, 'ಧಮ್ ಧಮ್' ಮಾತ್ರ ಕೇಳುತ್ತದೆ. ಕೀಚಲು ದನಿಯನ್ನು ಗಾಳಿ ದಾರಿಯಲ್ಲೇ ನುಂಗುತ್ತದೆ, ದಪ್ಪ ದನಿ ಗೋಡೆಯನ್ನೂ ದಾಟುತ್ತದೆ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಅಂತರ ಹತ್ತೇ ಎನ್ನಬೇಡಿ, ಹತ್ತು ಡೆಸಿಬೆಲ್ ಏರಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಯಿತು. ಒಳಗಿವಿಯ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ತೊಟ್ಟಿಲ ಕೂಸನ್ನು ಸ್ಪೀಕರ್ ಮುಂದೆ ಎತ್ತಿಕೊಂಡು ನಿಂತವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

● ತಮಟೆಯವರು ಬಡಿಯುವ ಮುಂಚೆ ಹುಲ್ಲಿಗೆ ಬೆಂಕಿ ಹಾಕಿ ಕಾಯಿಸುತ್ತಾರಲ್ಲ? ತೇವ ಹೀರಿದ ಚರ್ಮ ಸಡಿಲ. ಬಾರಿಸಿದರೆ 'ಬದ್' ಎನ್ನುತ್ತದೆ. ಉರಿಯ ಮೇಲೆ ತಿರುಗಿಸುತ್ತ ಬೆರಳಿನಿಂದ ತಟ್ಟಿ ನೋಡುತ್ತಾರೆ. ತೇವ ಆರಿ ಚರ್ಮ ಬಿಗಿಯಾದಂತೆ ಅದರ ಕಂಪನ ಏರಿ 'ಟಣ್' ಎನ್ನುವ ಹೊತ್ತಿಗೆ ಕೈ ನಿಲ್ಲುತ್ತದೆ. ಅಳತೆಗೆ ಯಾವ ಯಂತ್ರವೂ ಇಲ್ಲ, ಕಿವಿಯೇ ಎಲ್ಲ.

ಮೃದಂಗದ ನಡುವಿನ ಕಪ್ಪು ಕರಣೆಯದ್ದು ಇನ್ನೊಂದು ಜಾಣ್ಮೆ. ಬರೀ ಚರ್ಮದಿಂದ ಹೊರಡುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಕರಣೆಯ ತೂಕ ಅವನ್ನು ತಂತಿವಾದ್ಯದ ಸ್ವರಗಳಂತೆ ಹೊಂದಿಸುತ್ತದೆ. ಇದನ್ನು 1920ರಲ್ಲಿ ಜಗತ್ತಿಗೆ ತಿಳಿಸಿದವರು ಸಿ.ವಿ. ರಾಮನ್. ಬೆಂಗಳೂರಿಗೆ ಬಂದ ಮೇಲೂ, 1934ರಲ್ಲಿ, ಅವರು ಈ ವಾದ್ಯಗಳ ಬಗ್ಗೆ ಮತ್ತೆ ಬರೆದರು.

● ವಿಜಯಪುರದ ಗೋಲಗುಮ್ಮಟದಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ, ಎದುರು ಗೋಡೆಗೆ ಕಿವಿಯಿಟ್ಟವರಿಗೆ ಕೇಳುತ್ತದೆ. ಸದ್ದು ನೇರ ಹೋಗುವುದರ ಬದಲು ಬಾಗಿದ ಗೋಡೆಯನ್ನು ಅಪ್ಪಿಕೊಂಡು ಸುತ್ತಿ ಬರುತ್ತದೆ.

● 1883ರ ಆಗಸ್ಟ್ 27ರಂದು ಸಿಡಿದ ಕ್ರಕಟೋವಾ ಜ್ವಾಲಾಮುಖಿಯ ಸದ್ದು ಸುಮಾರು 4,800 ಕಿ.ಮೀ. ದೂರದ ರೋಡ್ರಿಗಸ್ ದ್ವೀಪಕ್ಕೆ ಕೇಳಿತ್ತು. ದಾರಿ ಸವೆಸಲು ಹಿಡಿದದ್ದು ಹೆಚ್ಚುಕಡಿಮೆ ನಾಲ್ಕು ಗಂಟೆ.

● ಚಂದ್ರನ ಮೇಲೆ ಗಾಳಿಯಿಲ್ಲ. ಹಾಗಾಗಿ ಸದ್ದು ಹೋಗಲು ದಾರಿಯಿಲ್ಲ. ಆದರೆ ಅಲ್ಲಿ ನೆಲವಿದೆ! 2023ರ ಆಗಸ್ಟಿನಲ್ಲಿ ಪ್ರಜ್ಞಾನ್ ರೋವರ್ ಉರುಳಿದ ಅದುರನ್ನು ವಿಕ್ರಮ್ ಲ್ಯಾಂಡರಿನ ಇಲ್ಸಾ ಉಪಕರಣ ನೆಲದ ಮೂಲಕವೇ ಹಿಡಿಯಿತು.

● ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ, ನಾಲ್ಕು ಕೊಂಬಿನ ಕೊಂಡುಕುರಿಗಾಗಿ 2011ರಲ್ಲಿ ಘೋಷಣೆಯಾದ ವನ್ಯಧಾಮ. ಸದ್ದು ಬಂದತ್ತ ಕೊಂಡುಕುರಿ ತಲೆ ತಿರುಗಿಸಬೇಕಿಲ್ಲ, ಕಿವಿಯನ್ನಷ್ಟೇ ಹೊರಳಿಸುತ್ತದೆ. ನಮಗೆ ಆ ಭಾಗ್ಯವಿಲ್ಲ.

● ಕೊನೆಯದು ನಲ್ಲಿಯ ಹತ್ತಿರ. ಜಗಳೂರಿನ ಸೀಮೆಯಲ್ಲಿ ನೀರು ಬಿಟ್ಟ ದಿನ ಕೊಡಗಳ ಸಾಲು. ಕೊಡ ಇಟ್ಟ ಹೆಂಗಸರು ಅತ್ತ ತಿರುಗಿ ಮಾತಿನಲ್ಲಿರುತ್ತಾರೆ, ಕೊಡವನ್ನು ನೋಡುವುದೇ ಇಲ್ಲ. ಮೊದಲಿಗೆ 'ಗುಳುಗುಳು', ಆಮೇಲೆ ದನಿ ಏರುತ್ತ ಏರುತ್ತ ಕಂಠದ ಹತ್ತಿರ ಬಂದಾಗ ಕೀಚಲು. ನೀರು ಏರಿದಂತೆ ಮೇಲುಳಿದ ಗಾಳಿ ಕಡಿಮೆಯಾಗುತ್ತದೆ. ಗಾಳಿಯ ಕಂಬ ಗಿಡ್ಡವಾದಷ್ಟೂ ಕಂಪನ ಹೆಚ್ಚು. ನೆಟ್ಟಗಿನ ಕೊಳವೆಯಾದರೆ 40 ಸೆಂ.ಮೀ. ಗಾಳಿಯಿದ್ದಾಗ ಸೆಕೆಂಡಿಗೆ ಸುಮಾರು 215 ಕಂಪನ, 10 ಸೆಂ.ಮೀ.ಗೆ ಇಳಿದಾಗ 860ರ ಸುಮಾರು. ಮಾತು ನಡುವೆಯೇ ನಿಲ್ಲುತ್ತದೆ, ಕೈ ಹಿಂದೆ ಚಾಚಿ ಕೊಡ ಸರಿಸುತ್ತದೆ. ಒಂದು ಹನಿಯೂ ಹೊರಗೆ ಚೆಲ್ಲಿರುವುದಿಲ್ಲ.