ಹಳೆಯ ಜೀಪಿನ ಕಾರ್ಬುರೇಟರ್: ರಿಪೇರಿಯ ನಂತರವೂ ತೊಂದರೆ ಏಕೆ?

ಚಿಕ್ಕಮಗಳೂರು, ಹಾಸನ, ಕೊಡಗಿನ ಕಾಫಿ ತೋಟಗಳಲ್ಲಿ ಎತ್ತರದ ಬಾನೆಟ್ಟಿನ ಹಳೆಯ ಪೆಟ್ರೋಲ್ ಜೀಪುಗಳನ್ನು ಜೋಪಾನ ಮಾಡಿ ಇಟ್ಟುಕೊಂಡ ಬೆಳೆಗಾರರು ಇಂದಿಗೂ ಇದ್ದಾರೆ. ಇಂಥ ಜೀಪಿನ ಕಾರ್ಬುರೇಟರನ್ನು ಬಿಚ್ಚಿ, ತೊಳೆದು, ಹೊಸ ಕಿಟ್ ಹಾಕಿಸಿದ ಮೇಲೂ ಕೆಲವೊಮ್ಮೆ ಗಾಡಿ ಏರಿನಲ್ಲಿ ಮುಗ್ಗರಿಸುತ್ತದೆ, ಇಲ್ಲವೆ ನಿಂತಲ್ಲೇ ಆರಿಹೋಗುತ್ತದೆ. ಕೊಯ್ಲಿನ ದಿನಗಳಲ್ಲಿ ಹೀಗಾದರೆ ಆಳು, ಮೂಟೆ ಎಲ್ಲವೂ ದಾರಿಯಲ್ಲೇ ಉಳಿಯುತ್ತವೆ. ಆಗ ಮತ್ತೆ ಕಾರ್ಬುರೇಟರನ್ನೇ ಬಿಚ್ಚುವುದು ವಾಡಿಕೆ. ಆದರೆ ದೋಷ ಬಹಳ ಸಲ ಅದರ ಹೊರಗೇ ಇರುತ್ತದೆ. ಆದ್ದರಿಂದ ಕೆಳಗಿನ ಕ್ರಮದಲ್ಲಿ ಒಂದೊಂದನ್ನೇ ಪರೀಕ್ಷಿಸಿರಿ.

ಮೊದಲು ಕಿಡಿ ನೋಡಿರಿ

ಸಿ.ಜೆ. 3ಬಿ ಜೀಪಿನ ನಾಲ್ಕು ಸಿಲಿಂಡರಿನ 2.2 ಲೀಟರ್ ಹರಿಕೇನ್ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವೆ 0.5 ಮಿ.ಮೀ., ಪ್ಲಗ್ಗಿನ ತುದಿಗಳ ನಡುವೆ 0.75 ಮಿ.ಮೀ. ಅಂತರವಿರಬೇಕು. ಕಿಡಿ ಹಾರುವ ಸರದಿ 1-3-4-2. ಪಾಯಿಂಟು ಸವೆದಿದ್ದರೆ ಅಥವಾ ಕಂಡೆನ್ಸರ್ ಕೆಟ್ಟಿದ್ದರೆ ಎಂಜಿನ್ ಮುಗ್ಗರಿಸುತ್ತದೆ. ನೋಡುವವರಿಗೆ ಅದು ಪೆಟ್ರೋಲಿನ ದೋಷವೆಂದೇ ತೋರುತ್ತದೆ. ಇವನ್ನು ಸರಿಪಡಿಸದೆ ಕಾರ್ಬುರೇಟರಿನ ಒಂದು ಸ್ಕ್ರೂವನ್ನೂ ಮುಟ್ಟಬೇಡಿರಿ.

ಪ್ಲಗ್ಗಿನ ಬಣ್ಣವೂ ಸುಳಿವು ಕೊಡುತ್ತದೆ. ಒಣ ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚಾಗಿದೆ. ತಿಳಿ ಕಂದು ಬಣ್ಣವಿದ್ದರೆ ಮಿಶ್ರಣ ಹದವಾಗಿದೆ.

ಕಳ್ಳ ಗಾಳಿ

ಎಂಜಿನ್ ಬಿಸಿಯಾದ ಮೇಲೆ ಚೋಕನ್ನು ಅರ್ಧ ಎಳೆದು ನೋಡಿರಿ. ಓಟ ಸುಧಾರಿಸಿದರೆ ಗಾಳಿ ಬೇಡದ ದಾರಿಯಲ್ಲಿ ಒಳಗೆ ಹೋಗುತ್ತಿದೆ, ಇಲ್ಲವೆ ಜೆಟ್ಟಿನಲ್ಲಿ ಕಸವಿದೆ ಎಂದರ್ಥ. ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್ಟಿನ ಸುತ್ತ ಸೋಪಿನ ನೀರನ್ನು ಕುಂಚದಿಂದ ಹಚ್ಚಿರಿ. ಎಂಜಿನ್ನಿನ ಸದ್ದು ಬದಲಾದ ಜಾಗವೇ ಸೋರುವ ಜಾಗ. ಇದಕ್ಕೆ ಪೆಟ್ರೋಲು ಚಿಮುಕಿಸುವವರುಂಟು. ಬೆಂಕಿ ಹತ್ತುವ ಆ ಕೆಲಸ ಎಂದಿಗೂ ಬೇಡ. ಗಾಳಿಯ ಒತ್ತಡದಿಂದ ನಡೆಯುವ ವೈಪರಿದ್ದರೆ ಅದರ ರಬ್ಬರ್ ಕೊಳವೆ ಬಿರಿದಿದೆಯೇ ಎಂದೂ ನೋಡಿರಿ.

ಥ್ರಾಟಲ್ ಕಡ್ಡಿಯನ್ನು ಬೆರಳಿನಿಂದ ಅಲುಗಿಸಿರಿ. ಅದು ಸಡಿಲವಾಗಿದ್ದರೆ ಎಷ್ಟು ಕಿಟ್ ಹಾಕಿದರೂ ಐಡ್ಲಿಂಗ್ ನಿಲ್ಲದು, ಏಕೆಂದರೆ ಕಿಟ್ಟಿನಲ್ಲಿ ಗ್ಯಾಸ್ಕೆಟ್ಟು, ನೀಡಲ್ಲುಗಳಿರುತ್ತವೆಯೇ ಹೊರತು ಸವೆದ ರಂಧ್ರಕ್ಕೆ ಮದ್ದಿಲ್ಲ. ಲೇತ್ ಕೆಲಸದವರಿಂದ ಹಿತ್ತಾಳೆಯ ಬುಷ್ ಹಾಕಿಸಬೇಕು.

ಪೆಟ್ರೋಲಿನ ಮಟ್ಟ

ಕಪ್ಪು ಹೊಗೆ ಬಂದರೆ, ಬಿಸಿ ಎಂಜಿನ್ ಮತ್ತೆ ಚಾಲೂ ಆಗದಿದ್ದರೆ ಅಥವಾ ಪೆಟ್ರೋಲು ತೊಟ್ಟಿಕ್ಕಿದರೆ ಫ್ಲೋಟ್ ಬಟ್ಟಲು ತುಂಬಿ ಹರಿಯುತ್ತಿದೆ. ನೀಡಲ್ ವಾಲ್ವಿನಲ್ಲಿ ಕಸ ಕೂತಿರಬಹುದು, ಫ್ಲೋಟಿನ ಎತ್ತರ ತಪ್ಪಿರಬಹುದು, ಫ್ಲೋಟೇ ತೂತಾಗಿರಬಹುದು. ಫ್ಲೋಟನ್ನು ಕಿವಿಯ ಬಳಿ ಅಲುಗಿಸಿ ಕೇಳಿರಿ. ಒಳಗೆ ಪೆಟ್ರೋಲು ಕುಲುಕಿದರೆ ತೂತಿದೆ. ಬಿಸಿನೀರಿನಲ್ಲಿ ಮುಳುಗಿಸಿದಾಗ ಗುಳ್ಳೆ ಏಳುವುದೂ ಇದೇ ಗುರುತು. ಒಳಗೆ ಪೆಟ್ರೋಲು ಉಳಿದ ಫ್ಲೋಟಿಗೆ ಬೆಸುಗೆ ಹಾಕಿದರೆ ಅದು ಸಿಡಿಯಬಹುದು. ಹೊಸದು ಹಾಕುವುದೇ ಕ್ಷೇಮ. ಎತ್ತರವನ್ನು ನಿಮ್ಮ ಕಾರ್ಬುರೇಟರಿನ ಕಿಟ್ಟಿನ ಕಾಗದದಲ್ಲಿ ಕೊಟ್ಟ ಅಳತೆಗೇ ಹೊಂದಿಸಿರಿ.

ವೇಗ ಕೊಟ್ಟ ಕೂಡಲೆ ಎಂಜಿನ್ ಮುಗ್ಗರಿಸಿದರೆ ಆಕ್ಸಿಲರೇಟರ್ ಪಂಪನ್ನು ನೋಡಿರಿ. ಎಂಜಿನ್ ಆರಿಸಿ, ಏರ್ ಕ್ಲೀನರ್ ತೆಗೆದು, ಮೇಲಿನಿಂದ ನೋಡುತ್ತಾ ಥ್ರಾಟಲ್ ತೆರೆಯಿರಿ. ಪೆಟ್ರೋಲು ಸಣ್ಣ ಧಾರೆಯಾಗಿ ಚಿಮ್ಮಬೇಕು. ಚಿಮ್ಮದಿದ್ದರೆ ಪಂಪಿನ ವಾಷರು ಒಣಗಿದೆ, ಇಲ್ಲವೆ ಬಿಚ್ಚಿ ಕಟ್ಟುವಾಗ ಸಣ್ಣ ಗುಂಡೊಂದು ಬಿದ್ದುಹೋಗಿದೆ.

ಐಡ್ಲಿಂಗ್ ಸ್ಕ್ರೂ

ಸ್ಕ್ರೂವನ್ನು ಮೆಲ್ಲಗೆ ತಳ ಮುಟ್ಟುವವರೆಗೆ ತಿರುಗಿಸಿ, ಬಳಿಕ ಒಂದೂವರೆ ಸುತ್ತು ಹೊರಕ್ಕೆ ಬಿಡಿರಿ. ಬಲವಾಗಿ ಬಿಗಿದರೆ ತುದಿಗೆ ಗೀರು ಬೀಳುತ್ತದೆ. ಎಂಜಿನ್ ಬಿಸಿಯಾದ ಮೇಲೆ ಅತ್ತಿತ್ತ ಕಾಲು ಸುತ್ತಿನಂತೆ ತಿರುಗಿಸಿ, ಓಟ ನುಣುಪಾಗಿ ಏರುವಲ್ಲಿ ನಿಲ್ಲಿಸಿರಿ. ಎಷ್ಟು ತಿರುಗಿಸಿದರೂ ಓಟ ಬದಲಾಗದಿದ್ದರೆ ಐಡ್ಲ್ ದಾರಿಯಲ್ಲಿ ಕಸವಿದೆ, ಅಥವಾ ಗಾಳಿ ಸೋರುತ್ತಿದೆ.

ಎಥನಾಲ್ ಬೆರೆತ ಪೆಟ್ರೋಲು

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇ. 20 ಎಥನಾಲ್ ಬೆರೆತ ಪೆಟ್ರೋಲು 2025ರ ವೇಳೆಗೆ ದೇಶದಲ್ಲಿ ಸಾಮಾನ್ಯವಾಗಿದೆ. ಕಬ್ಬು, ಮುಸುಕಿನ ಜೋಳದಿಂದ ಬರುವ ಈ ಎಥನಾಲ್ ಹಳೆಯ ಜೀಪಿಗೆ ಮೂರು ಕೆಲಸ ಮಾಡುತ್ತದೆ. ಟ್ಯಾಂಕಿನಲ್ಲಿ ವರ್ಷಗಳಿಂದ ಕೂತ ಕೊಳೆಯನ್ನು ಎಬ್ಬಿಸಿ ಜೆಟ್ಟಿಗೆ ತರುತ್ತದೆ. ಹಳೆಯ ರಬ್ಬರನ್ನು ಕೆಡಿಸುತ್ತದೆ. ಮಳೆಗಾಲದ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಅದರೊಂದಿಗೆ ಬೇರೆಯಾಗಿ ತಳಕ್ಕಿಳಿಯುತ್ತದೆ. ತೊಳೆದ ಕಾರ್ಬುರೇಟರ್ ಎಂಟು ದಿನದಲ್ಲಿ ಮತ್ತೆ ಕಟ್ಟಿಕೊಂಡರೆ ಟ್ಯಾಂಕು, ಫಿಲ್ಟರುಗಳನ್ನು ತೊಳೆದಿಲ್ಲವೆಂದೇ ತಿಳಿಯಿರಿ. ಪೆಟ್ರೋಲ್ ಪಂಪಿನ ಡಯಾಫ್ರಮ್ಮು, ಕೊಳವೆಗಳಿಗೆ ಎಥನಾಲ್ ತಾಳುವ ಸಾಮಾನನ್ನೇ ಕೇಳಿ ಹಾಕಿಸಿರಿ. ತಿಂಗಳುಗಟ್ಟಲೆ ನಿಲ್ಲಿಸುವ ಜೀಪಿನ ಕಾರ್ಬುರೇಟರನ್ನು ಬರಿದು ಮಾಡಿರಿ.

ಒಂದು ಕಿಲೋ ಪೆಟ್ರೋಲು ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ ಸುಮಾರು 9 ಕಿಲೋ ಸಾಕು. ಆದ್ದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತುಸು ತೆಳುವಾಗುತ್ತದೆ. ಬೇರೆಲ್ಲ ಸರಿಯಿದ್ದೂ ಏರಿನಲ್ಲಿ ಶಕ್ತಿ ಸಾಲದಿದ್ದರೆ ಮಾತ್ರ ಒಂದು ಅಳತೆ ದೊಡ್ಡ ಜೆಟ್ಟು ಹಾಕಿಸಿರಿ. ತಂತಿಯಿಂದ ಜೆಟ್ಟನ್ನು ಕೆರೆದು ಹಿಗ್ಗಿಸಬೇಡಿರಿ. ಹಿಗ್ಗಿದ ಜೆಟ್ಟಿಗೆ ಅಳತೆಯೇ ಇಲ್ಲ.

ಕೊನೆಯದಾಗಿ

ಪೆಟ್ರೋಲಿನ ಕೆಲಸವನ್ನು ಬಯಲಿನಲ್ಲಿ, ಎಂಜಿನ್ ತಣ್ಣಗಿರುವಾಗ, ಬ್ಯಾಟರಿಯ ತಂತಿ ಕಳಚಿ ಮಾಡಿರಿ. ಬೀಡಿ, ದೀಪ ಹತ್ತಿರ ಸುಳಿಯದಿರಲಿ. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನು ಬದಲಿಸಿದಿರೆಂದು ಪುಸ್ತಕದಲ್ಲಿ ಬರೆದಿಡಿರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.